ಅರ್ಧ ಕ್ಲಾಸು ಬೆಂಚಿನಲ್ಲಿ, ಅರ್ಧ ಕ್ಲಾಸು ಫೋನಿನಲ್ಲಿ

2020-21ರಲ್ಲಿ ನಾವು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆವು. ಐದನೇ ಸೆಮಿಸ್ಟರ್ ಫೋನಿನಲ್ಲೇ ಶುರುವಾಯಿತು. ನವೆಂಬರ್ 17ಕ್ಕೆ ಸರ್ಕಾರ ಡಿಗ್ರಿ ಕಾಲೇಜುಗಳನ್ನು ತೆರೆಯಿತು, ಆದರೆ ಬರಲೇಬೇಕು ಅಂತ ಇರಲಿಲ್ಲ. ಬರುವವರು ಕೋವಿಡ್ ನೆಗೆಟಿವ್ ರಿಪೋರ್ಟು, ಮನೆಯವರ ಒಪ್ಪಿಗೆ ಪತ್ರ ತರಬೇಕು. ಬಾರದವರಿಗೆ ಆನ್‌ಲೈನ್ ಪಾಠ. ನಮ್ಮ ಕ್ಲಾಸು ಹೀಗೆ ಎರಡು ಹೋಳಾಯಿತು.

ಸಾಗರ ಪೇಟೆಯ ಸುತ್ತಮುತ್ತ ಇದ್ದವರು ಬಂದೆವು. ಶರಾವತಿ ಹಿನ್ನೀರಿನ ಆಚೆ ಇರುವ ತುಮರಿ ಕಡೆಯವರು ಹೆಚ್ಚಿನವರು ಬರಲಿಲ್ಲ. ಆಗಿನ್ನೂ ಹಿನ್ನೀರಿಗೆ ಸೇತುವೆ ಇರಲಿಲ್ಲ. ಅದು ಓಡಾಟಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ಹೊಳೆಬಾಗಿಲಿನಲ್ಲಿ ಲಾಂಚ್ ಕಾದು, ದಾಟಿ, ಮತ್ತೆ ಬಸ್ ಹಿಡಿಯಬೇಕು. ಮನೆಯಲ್ಲೇ ಇರೋಣ ಅಂದರೆ ಅಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡ ಹತ್ತಿ ಕೂತು ಪಾಠ ಕೇಳಿದವರು ನಮ್ಮ ಕ್ಲಾಸಿನಲ್ಲೇ ಇದ್ದರು.

ಮೊದಮೊದಲು ಎಲ್ಲರನ್ನೂ ಒಟ್ಟಿಗೆ ಇಡಲು ಏನೇನೋ ನಡೆಯಿತು. ವಾಟ್ಸಾಪ್ ಗ್ರೂಪ್ ಆಯಿತು. ಅದರಲ್ಲಿ ಶುಭೋದಯದ ಹೂವಿನ ಚಿತ್ರ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಎಲ್ಲರೂ ಕ್ಯಾಮೆರಾ ಆನ್ ಇಡಬೇಕು ಅಂತ ಒಂದು ನಿಯಮ ಬಂತು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್, ಅದರಲ್ಲೇ ತಮ್ಮನ ಹೈಸ್ಕೂಲ್ ಕ್ಲಾಸೂ ನಡೆಯಬೇಕು. ಮಧ್ಯಾಹ್ನದೊಳಗೆ ಡೇಟಾ ಖಾಲಿ. ಮುಖ ಕಂಡ ಮಾತ್ರಕ್ಕೆ ಯಾರೂ ಹತ್ತಿರ ಆಗಲಿಲ್ಲ ಬಿಡಿ.

ಕೆಲಸಕ್ಕೆ ಬಂದದ್ದು ನಮ್ಮ ಕೆಮಿಸ್ಟ್ರಿ ಸರ್ ಮಾಡಿದ ಜೋಡಿ. ಕ್ಲಾಸಿಗೆ ಬರುವ ಒಬ್ಬರಿಗೆ ಮನೆಯಲ್ಲಿರುವ ಒಬ್ಬರು. ಸರ್ ಫೋನನ್ನು ಡಸ್ಟರ್‌ಗೆ ಒರಗಿಸಿ ಗೂಗಲ್ ಮೀಟ್ ಹಾಕುತ್ತಿದ್ದರು. ಅದರಲ್ಲಿ ಬೋರ್ಡು ಅರ್ಧ ಕಾಣುತ್ತಿತ್ತು, ಅರ್ಧ ಕಿಟಕಿಯ ಬೆಳಕಿಗೆ ಬೆಳ್ಳಗೆ. ಹಾಗಾಗಿ ಬೋರ್ಡಿನ ಫೋಟೋ ತೆಗೆದು ಕಳಿಸುವುದು ನಮ್ಮ ಕೆಲಸ. "ಸರ್, ಒರೆಸಬೇಡಿ, ಒಂದು ನಿಮಿಷ" ಅನ್ನುವುದು ಆ ವರ್ಷದ ಮಂತ್ರವೇ ಆಗಿಹೋಯಿತು. ಜೋಡಿಯ ಡೌಟನ್ನು ನಾವು ಎದ್ದು ನಿಂತು ಕೇಳಬೇಕು. ಹಾಜರಿಯಲ್ಲೂ ಸರ್ "ನಿನ್ನ ಜೋಡಿ ಎಲ್ಲಿ?" ಅಂತಲೇ ಕೇಳುತ್ತಿದ್ದರು. ಪಾಠದ ನಡುವೆ ಜೋಡಿ ಮೀಟ್‌ನಿಂದ ಬಿಟ್ಟು ಹೋಗಿದ್ದರೆ, ಯಾಕೆ ಅಂತ ಮರುದಿನ ನಾವು ಹೇಳಬೇಕು.

ಅಂದರೆ ಸಂಜೆ ಫೋನ್ ಮಾಡಲೇಬೇಕು. ನನ್ನ ಜೋಡಿ ತುಮರಿ ಕಡೆಯ ಹುಡುಗಿ. ಎರಡು ವರ್ಷ ಒಂದೇ ಕ್ಲಾಸಿನಲ್ಲಿ ಕೂತಿದ್ದರೂ ನಾವು ಮಾತಾಡಿದ್ದು ಕಡಿಮೆ. "ಯಾಕೆ ಮಾರಾಯ್ತಿ ಬಿಟ್ಟು ಹೋದೆ?" ಅಂತ ಕೇಳಿದರೆ, "ಅಡಿಕೆ ಸುಲೀತಾ ಇದ್ದೆ, ಕೈ ಬಿಡುವಿರಲಿಲ್ಲ" ಅಂದಳು. ಅದು ಕೊಯ್ಲಿನ ಕಾಲ. ಮೆಟ್ಟುಗತ್ತಿ ಮುಂದೆ ಕೂತು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಅವಳು ಥರ್ಮೋಡೈನಮಿಕ್ಸ್ ಕೇಳುತ್ತಿದ್ದಳು! ನಾನು ಬೆಂಚಿನಲ್ಲಿ ಕೂತು ಆಕಳಿಸುತ್ತಿದ್ದೆ. ಪಾಠದಿಂದ ಶುರುವಾದ ಫೋನು ಅಜ್ಜಿಯ ಕೆಮ್ಮು, ಅಡಿಕೆ ರೇಟು, ಅಣ್ಣನ ಹೋದ ಕೆಲಸ ಎಲ್ಲಾ ಸುತ್ತಿ ಬರುತ್ತಿತ್ತು. ಫೋಟೋ ಹೋಗದ ದಿನ ನೋಟ್ಸ್ ಜೆರಾಕ್ಸ್ ಮಾಡಿಸಿ ಬಸ್ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ನಮ್ಮ ಕಡೆ ಔಷಧಿ, ಹೂವು, ಮದುವೆ ಕಾಗದ ಎಲ್ಲಾ ಹೋಗುವುದು ಹಾಗೇ ಅಲ್ವಾ? ಒಂದು ಸಲವೂ ಕಳೆದುಹೋಗಲಿಲ್ಲ.

ಪ್ರಾಕ್ಟಿಕಲ್ಸ್ ಮಾತ್ರ ಫೋನಿನಲ್ಲಿ ಆಗುವ ಕೆಲಸವಲ್ಲ. ಹೊಸ ವರ್ಷದ ಮೇಲೆ ಲ್ಯಾಬ್ ದಿನಗಳನ್ನು ಒಟ್ಟು ಸೇರಿಸಿದರು, ಆಚೆಯವರೂ ಬಂದರು. ಎಲ್ಲರ ಮುಖಕ್ಕೂ ಮಾಸ್ಕ್. ಗುರುತು ಹಿಡಿದದ್ದು ದನಿಯಿಂದ. ಬ್ಯುರೆಟ್ ನಾನು ಹಿಡಿದೆ, ರೀಡಿಂಗ್ ಅವಳು ಬರೆದಳು. ಥಿಯರಿ ಅವಳಿಗೇ ಜಾಸ್ತಿ ಗೊತ್ತಿತ್ತು. ಊಟ ಹಂಚಿಕೊಳ್ಳಬಾರದು ಅಂತ ನೋಟಿಸು ಹಾಕಿದ್ದರು. ಆ ನೋಟಿಸಿನ ಕೆಳಗೇ ಕೂತು ಹಂಚಿಕೊಂಡೆವು.

ಏಪ್ರಿಲ್ 7ಕ್ಕೆ ಸಾರಿಗೆ ನೌಕರರ ಮುಷ್ಕರ, 27ರ ರಾತ್ರಿಯಿಂದ ಲಾಕ್‌ಡೌನ್. ಮತ್ತೆ ಎಲ್ಲರೂ ಫೋನಿಗೆ. ಆದರೆ ಈ ಸಲದ ಮೀಟ್ ಹಿಂದಿನ ಹಾಗೆ ಸ್ಮಶಾನದಂತೆ ಇರಲಿಲ್ಲ. ಸರ್ ಬರುವ ಮೊದಲೇ ಗಲಾಟೆ. ಯಾರ ಮನೆಯಲ್ಲಿ ಪಾಸಿಟಿವ್ ಬಂದಿದೆ, ಯಾರಿಗೆ ಮಾತ್ರೆ ತಲುಪಿಸಬೇಕು ಅನ್ನುವುದು ಜೋಡಿಯಿಂದ ಜೋಡಿಗೆ ಗೊತ್ತಾಗುತ್ತಿತ್ತು. ಜುಲೈ 26ಕ್ಕೆ ಕಾಲೇಜು ಮತ್ತೆ ತೆರೆದಾಗ ಒಂದು ಡೋಸ್ ಲಸಿಕೆ ಆಗಿರಬೇಕಿತ್ತು. ಸೂಜಿಗೂ ಜೋಡಿಯಲ್ಲೇ ಹೋದವರಿದ್ದಾರೆ.

ಎಲ್ಲಾ ಜೋಡಿಯೂ ಕೂಡಿಬರಲಿಲ್ಲ. ಕೆಲವರು ಸುಮ್ನೆ ಫೋಟೋ ಕಳಿಸಿ ಕೈತೊಳೆದುಕೊಂಡರು. ಒಬ್ಬಳಿಗೆ ಲಾಕ್‌ಡೌನ್‌ನಲ್ಲೇ ಮದುವೆಯಾಯಿತು, ಅವಳ ಜೋಡಿ ಎಷ್ಟು ಫೋನ್ ಮಾಡಿದರೂ ಅವಳು ಪರೀಕ್ಷೆಗೆ ಬರಲಿಲ್ಲ. ಸರ್ ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ಕೊನೆಯವರೆಗೂ ಹೊಡೆದುಹಾಕಲಿಲ್ಲ.

ಈಗ ನಮ್ಮ ಕಾಲೇಜಿನಲ್ಲಿ ‘ಸ್ವಯಂ’ ಅನ್ನುವ ಕೇಂದ್ರ ಸರ್ಕಾರದ ಆನ್‌ಲೈನ್ ತಾಣದ ಕೋರ್ಸ್ ತೆಗೆದುಕೊಳ್ಳುವವರು ಇದ್ದಾರಂತೆ. ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳನ್ನು ಹಾಗೆ ಮಾಡಬಹುದು ಅಂತ ವಿಶ್ವವಿದ್ಯಾಲಯಗಳ ಅನುದಾನ ಆಯೋಗ (ಯುಜಿಸಿ) 2021ರಲ್ಲೇ ಹೇಳಿದೆ. ಮೊದಲು ಅದು ಶೇ. 20 ಇತ್ತು. ವಿಡಿಯೋ ಮನೆಯಲ್ಲಿ, ಅಸೈನ್‌ಮೆಂಟು ವಾರವಾರ, ಪರೀಕ್ಷೆಗೆ ಮಾತ್ರ ಸೆಂಟರಿಗೆ ಹೋಗಬೇಕು. ಶುರು ಮಾಡುವವರು ತುಂಬಾ ಜನ, ಪರೀಕ್ಷೆ ಬರೆಯುವವರು ಕಡಿಮೆ. ಒಬ್ಬರೇ ಕೂತು ಮೂರನೇ ವಾರ ದಾಟುವುದು ಕಷ್ಟ. ಬರುವ ಜುಲೈಗೆ ನಾನೂ ಒಂದು ಕೆಮಿಸ್ಟ್ರಿ ಕೋರ್ಸಿಗೆ ಸೇರುತ್ತಿದ್ದೇನೆ. ಜೋಡಿ ಬೇಕಾದವರು ಡಿಪಾರ್ಟ್‌ಮೆಂಟಿನಲ್ಲಿ ಹೆಸರು ಬರೆಸಿ, ಸರ್‌ಗೆ ಹೇಳಿಟ್ಟಿದ್ದೇನೆ. ಸಂಜೆ ಏಳರ ಮೇಲೆ ಫೋನ್ ಮಾಡುತ್ತೇನೆ.