ಸ್ವರ ಆರುವವರೆಗೆ

ನಮ್ಮ ಶಾಲೆಯ ಪ್ರಾರ್ಥನಾ ಸಭಾಂಗಣದ ಬಲಮೂಲೆಯಲ್ಲಿ ಒಂದು ಪಿಯಾನೋ ಇತ್ತು. ಗೋಡೆಗೆ ಆನಿಸಿ ನಿಲ್ಲಿಸುವ ಬಗೆಯದು. ಅದನ್ನು ಯಾರು ತಂದರು, ಎಂದು ತಂದರು ಎಂಬುದು ನಮ್ಮ ಕಾಲದ ಯಾವ ಶಿಕ್ಷಕರಿಗೂ ತಿಳಿದಿರಲಿಲ್ಲ. ಬೀದರಿನ ಮಳೆಗಾಲದಲ್ಲಿ ಜಂಬಿಟ್ಟಿಗೆಯ ಗೋಡೆ ತೇವ ಹಿಡಿದು ಅದರ ಹಿಂದಿನ ಹಲಗೆ ಉಬ್ಬುತ್ತಿತ್ತು. ಬೇಸಿಗೆಯಲ್ಲಿ ಅದೇ ಹಲಗೆ ಒಣಗಿ ಸೀಳು ಬಿಡುತ್ತಿತ್ತು. ನಮ್ಮ ಸಂಗೀತದ ಸರ್ ಹಾರ್ಮೋನಿಯಂ ಕಲಿತು ಬಂದವರಾದ್ದರಿಂದ ಪಿಯಾನೋದ ಕೀಗಳನ್ನೂ ‘ಮನೆ’ ಎಂದೇ ಕರೆಯುತ್ತಿದ್ದರು. 88 ಮನೆಗಳಲ್ಲಿ ಒತ್ತಿದರೂ ಸದ್ದು ಕೊಡದವು 20ಕ್ಕಿಂತ ಹೆಚ್ಚಿದ್ದವು. ಅವು ‘ಖಾಲಿ ಮನೆಗಳು’. “ನಿಮ್ಮ ಓಣಿಯಲ್ಲಿ ನಾಲ್ಕು ಮನೆ ಖಾಲಿ ಇದ್ದರೆ ಓಣಿಯನ್ನೇ ಬಿಟ್ಟು ಹೋಗುತ್ತೀರಾ?” ಎಂದು ಕೇಳಿ, ಉಳಿದ ಮನೆಗಳ ಮೇಲೆ ಬೆರಳಾಡಿಸುತ್ತಿದ್ದರು.

ಎಂಟನೆಯ ತರಗತಿಯ ಮೊದಲ ಪಾಠದಲ್ಲಿ ಅವರು ಸರಿಗಮ ಹೇಳಿಕೊಡಲಿಲ್ಲ. ನಮ್ಮನ್ನೆಲ್ಲ ಶಹಾಬಾದ್ ಪರಸಿಯ ಮೇಲೆ ಸಾಲಾಗಿ ಕೂಡಿಸಿ ಬಲಗೈ ಎತ್ತಲು ಹೇಳಿದರು. ಎಡತುದಿಯ ಒಂದು ಮಂದ್ರದ ಮನೆಯನ್ನು ಒತ್ತಿ, ಬೆರಳು ತೆಗೆಯದೆ ಹಾಗೆಯೇ ಹಿಡಿದುಕೊಂಡರು. “ಸ್ವರ ಕೇಳಿಸುವವರೆಗೆ ಕೈ ಮೇಲಿರಲಿ. ಆರಿದ ಮೇಲೆ ಇಳಿಸಿ.” ಮೂರು ಎಣಿಸುವಷ್ಟರಲ್ಲಿ ಅರ್ಧ ಕೈಗಳು ಕೆಳಗಿದ್ದವು. ನಾನೂ ಇಳಿಸಿದ್ದೆ. ಆದರೆ ಚೌಬಾರಾದ ಹತ್ತಿರದ ಓಣಿಯಿಂದ ಬರುತ್ತಿದ್ದ ಒಬ್ಬ ಹುಡುಗನ ಕೈ ಮಾತ್ರ ಇನ್ನೂ ಮೇಲೆಯೇ ಇತ್ತು. ಅವನ ಮನೆಯಲ್ಲಿ ಲೋಹದ ಮೇಲೆ ಬೆಳ್ಳಿ ಕೂರಿಸುವ ಬಿದರಿ ಕೆಲಸ. “ಏನು ಕೇಳಿಸುತ್ತಿದೆ ತಮ್ಮಾ?” ಎಂದರು ಸರ್. “ಇನ್ನೂ ಗುಂಯ್ ಎನ್ನುತ್ತಿದೆ ಸರ್” ಎಂದ. ಇಷ್ಟು ಚೆನ್ನಾಗಿ ಕೇಳಲು ಎಲ್ಲಿ ಕಲಿತೆ ಎಂದದ್ದಕ್ಕೆ, ಅಪ್ಪನ ಉಳಿಯ ಸದ್ದು ನಿಂತ ಕೂಡಲೇ ತಾನು ಚಹಾ ಒಯ್ಯಬೇಕು, ಒಳಗಿನ ಕೋಣೆಯಲ್ಲಿ ಓದುತ್ತ ಕುಳಿತರೂ ಕಿವಿ ಅಲ್ಲಿಯೇ ಇರುತ್ತದೆ ಎಂದು ಹೇಳಿದ. ಸರ್ ಅವನನ್ನು ಎಬ್ಬಿಸಿ ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡರು.

ಸರ್ ಪ್ರಾಯದಲ್ಲಿ ಹೈದರಾಬಾದಿನ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ಅಲ್ಲಿಂದ ಅವರು ತಂದ ಆಸ್ತಿ ಎಂದರೆ ಒಂದು ಪೆಟ್ಟಿಗೆ ಕ್ಯಾಸೆಟ್ಟುಗಳು. ಅವುಗಳಲ್ಲಿ ಮೇಲಿನ ಅಕ್ಷರ ಪೂರ್ತಿ ಅಳಿಸಿಹೋಗಿದ್ದ ಒಂದನ್ನು ಅವರು ಬೇರೆ ಇಡುತ್ತಿದ್ದರು. ‘ದಿ ಲಾಸ್ಟ್ ಎಂಪರರ್’ ಚಿತ್ರದ ಸಂಗೀತ. ಹಾಗೆ ನಮಗೆ ಪರಿಚಯವಾದವರು ಜಪಾನಿನ ಸಂಗೀತಗಾರ ರ್‍ಯೂಯಿಚಿ ಸಕಾಮೊಟೊ. ಮೂರು ವರ್ಷಗಳಲ್ಲಿ, ಅಲ್ಲೊಂದು ಇಲ್ಲೊಂದು ತುಣುಕಾಗಿ, ಬಂಧುವೊಬ್ಬರ ಸುದ್ದಿ ಹೇಳುವಂತೆ, ಸಕಾಮೊಟೊ ಬದುಕನ್ನು ಸರ್ ನಮಗೆ ಹೇಳಿದರು. ಉಳಿದದ್ದನ್ನು ನಾನು ಆಮೇಲೆ ಓದಿ, ಕೇಳಿ, ನೋಡಿ ಕೂಡಿಸಿಕೊಂಡೆ.

1952ರ ಜನವರಿ 17ರಂದು ಟೋಕಿಯೋದಲ್ಲಿ ಹುಟ್ಟಿದ ಸಕಾಮೊಟೊ ಮೊದಲ ಹಾಡು ಕಟ್ಟಿದ್ದು ಶಿಶುವಿಹಾರದಲ್ಲಿ, ತಾನು ನೋಡಿಕೊಂಡ ಮೊಲದ ಬಗ್ಗೆ. ಹದಿಹರೆಯದಲ್ಲಿ ಫ್ರಾನ್ಸಿನ ಡೆಬ್ಯುಸಿಯ ಸಂಗೀತ ಎಷ್ಟು ತಲೆಗೇರಿತೆಂದರೆ, ಆತನೇ ತನ್ನ ರೂಪದಲ್ಲಿ ಮತ್ತೆ ಹುಟ್ಟಿ ಬಂದಿದ್ದಾನೆ ಎಂದು ನಂಬಿದ್ದರಂತೆ. 1970ರಲ್ಲಿ ಟೋಕಿಯೋದ ಕಲಾ ವಿಶ್ವವಿದ್ಯಾಲಯ ಸೇರಿ ಸಂಯೋಜನೆ ಓದಿದರು. ಒಕಿನಾವಾ, ಆಫ್ರಿಕಾ ಮತ್ತು ಭಾರತದ ಸಂಗೀತದ ಮೇಲೆ ಒಲವು ಬೆಳೆದು ಸಂಶೋಧಕನಾಗುವ ಯೋಚನೆಯೂ ಇತ್ತು. 1978ರಲ್ಲಿ ಹರುಓಮಿ ಹೊಸೊನೊ, ಯುಕಿಹಿರೊ ತಕಾಹಾಶಿ ಅವರೊಂದಿಗೆ ‘ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ’ ಕಟ್ಟಿದರು. ಅಷ್ಟು ಓದಿಕೊಂಡ ವಾದಕ ಎಂದು ಸಕಾಮೊಟೊ ಅವರನ್ನು ತಕಾಹಾಶಿ ‘ಪ್ರೊಫೆಸರ್’ ಎಂದು ಕರೆದರು, ಆ ಹೆಸರು ಕೊನೆಯವರೆಗೂ ಉಳಿಯಿತು. ಸಿಂಥಸೈಸರ್ ಕಾಲದ ಆ ಸಂಗೀತ ನನಗೆ ಅಷ್ಟಾಗಿ ಹಿಡಿಸಲಿಲ್ಲ, ಸರ್‌ಗೆ ತುಂಬ ಇಷ್ಟವಿತ್ತು.

ಸಿನಿಮಾಕ್ಕೆ ಸಕಾಮೊಟೊ ಬಂದ ದಾರಿಯನ್ನು ಸರ್ ಎಷ್ಟು ಸಲ ಹೇಳಿದರೂ ನಾವು ಮತ್ತೆ ಕೇಳುತ್ತಿದ್ದೆವು. ನಿರ್ದೇಶಕ ನಾಗಿಸಾ ಒಶಿಮಾ ತಮ್ಮ ‘ಮೆರ್ರಿ ಕ್ರಿಸ್ಮಸ್ ಮಿಸ್ಟರ್ ಲಾರೆನ್ಸ್’ ಚಿತ್ರದಲ್ಲಿ ನಟಿಸಲು ಕರೆದರು. ಸಂಗೀತವನ್ನೂ ನನಗೇ ಕೊಟ್ಟರೆ ನಟಿಸುತ್ತೇನೆ ಎಂದರು ಸಕಾಮೊಟೊ. ಅದಕ್ಕೆ ಮೊದಲು ಒಂದು ಚಿತ್ರಕ್ಕೂ ಸಂಗೀತ ಕೊಟ್ಟವರಲ್ಲ! 1983ರಲ್ಲಿ ಬಂದ ಆ ಚಿತ್ರದ ಮುಖ್ಯ ರಾಗವನ್ನು ಜಗತ್ತಿನಲ್ಲಿ ಪಿಯಾನೋ ಕಲಿಯುವ ಮಕ್ಕಳು ಇಂದಿಗೂ ನುಡಿಸುತ್ತಾರೆ. ನಮ್ಮ ಸಭಾಂಗಣದಲ್ಲಿ ಸರ್ ಅದನ್ನು ನುಡಿಸುವಾಗ ಮೇಲಿನ ಸ್ಥಾಯಿಯಲ್ಲಿ ಎರಡು ಖಾಲಿ ಮನೆಗಳು ಅಡ್ಡ ಬರುತ್ತಿದ್ದವು. ಅಲ್ಲಿ ಮರದ ‘ಟಕ್’ ಎಂಬ ಸದ್ದಷ್ಟೇ ಬರುತ್ತಿತ್ತು. ಮುಂದೆ ಹೈದರಾಬಾದಿನಲ್ಲಿ ಆ ರಾಗವನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳಿದಾಗ, ಆ ಎರಡು ಜಾಗಗಳಲ್ಲಿ ಸ್ವರ ಕೇಳಿಸಿದ್ದು ನನಗೇ ವಿಚಿತ್ರವೆನಿಸಿತು.

ನಾನು ಈಗ ಅದೇ ಊರಿನಲ್ಲಿ ಧಾರಾವಾಹಿಗಳಿಗೆ, ಜಾಹೀರಾತುಗಳಿಗೆ ಧ್ವನಿ ಮಿಶ್ರಣ ಮಾಡುವ ಕೆಲಸದಲ್ಲಿದ್ದೇನೆ. ಹಾಗಾಗಿ ‘ದಿ ಲಾಸ್ಟ್ ಎಂಪರರ್’ನ ಕತೆಯ ಭಾರ ನನಗೆ ಚೆನ್ನಾಗಿ ಗೊತ್ತು. ನಿರ್ದೇಶಕ ಬೆರ್ನಾರ್ಡೊ ಬೆರ್ಟೊಲುಚ್ಚಿ ಆ ಚಿತ್ರಕ್ಕೂ ಸಕಾಮೊಟೊ ಅವರನ್ನು ಮೊದಲು ಕರೆದದ್ದು ನಟನಾಗಿ. ಚಿತ್ರೀಕರಣ ಮುಗಿದು ತಿಂಗಳುಗಳಾದ ಮೇಲೆ, ಒಂದು ವಾರದಲ್ಲಿ ಸಂಗೀತ ಬೇಕು ಎಂಬ ಮಾತು ಬಂತು. ಎರಡು ವಾರ ಕೇಳಿ ಪಡೆದ ಸಕಾಮೊಟೊ 44 ತುಣುಕುಗಳನ್ನು ಬರೆದರು. ತುಣುಕು ಎಂದರೆ ದೃಶ್ಯದ ಉದ್ದವನ್ನು ಸೆಕೆಂಡುಗಳಲ್ಲಿ ಅಳೆದು, ಮಾತು ಎಲ್ಲಿ ಶುರುವಾಗುತ್ತದೆ, ಬಾಗಿಲು ಯಾವಾಗ ಮುಚ್ಚುತ್ತದೆ ಎಂದು ನೋಡಿ, ಮಾತಿಗೆ ಜಾಗ ಬಿಟ್ಟು ಕೂರಿಸುವ ಸಂಗೀತ. ಸಂಕಲನಕಾರ ದೃಶ್ಯವನ್ನು ನಾಲ್ಕು ಸೆಕೆಂಡು ಕತ್ತರಿಸಿದರೆ ಬರೆದದ್ದನ್ನೆಲ್ಲ ಮತ್ತೆ ಕೂಡಿಸಬೇಕು. ಅವರು ಬರೆದ 44ರಲ್ಲಿ ಅರ್ಧದಷ್ಟು ತುಣುಕುಗಳು ಅಂತಿಮ ಚಿತ್ರದಲ್ಲಿ ಇರಲೇ ಇಲ್ಲ. ಮೊದಲ ಪ್ರದರ್ಶನದಲ್ಲಿ ಕುಳಿತಾಗಲೇ ಅದು ಅವರಿಗೆ ಗೊತ್ತಾದದ್ದು. ಉಳಿದ ಅರ್ಧಕ್ಕೆ, ಅದೇ ಚಿತ್ರಕ್ಕೆ ಸಂಗೀತ ಕೊಟ್ಟ ಡೇವಿಡ್ ಬರ್ನ್ ಮತ್ತು ಕಾಂಗ್ ಸು ಅವರೊಂದಿಗೆ, 1988ರಲ್ಲಿ ಆಸ್ಕರ್ ಬಂತು. ಆಮೇಲೆ ಅದೇ ನಿರ್ದೇಶಕನ ‘ದಿ ಶೆಲ್ಟರಿಂಗ್ ಸ್ಕೈ’ ಧ್ವನಿಮುದ್ರಣದಲ್ಲಿ 40 ವಾದಕರು ವಾದ್ಯ ಹಿಡಿದು ಕಾಯುತ್ತಿರುವಾಗ, ಆರಂಭ ಸರಿಬರಲಿಲ್ಲ, ಈಗಲೇ ಬದಲಿಸು ಎಂದರಂತೆ ಬೆರ್ಟೊಲುಚ್ಚಿ. ಆಗುವುದಿಲ್ಲ ಎಂದದ್ದಕ್ಕೆ, ಇಟಲಿಯ ಚಿತ್ರಸಂಗೀತಗಾರ ಮೊರಿಕೋನೆಯಾಗಿದ್ದರೆ ಬರೆಯುತ್ತಿದ್ದರು ಎಂಬ ಉತ್ತರ ಬಂತು. ಅರ್ಧ ಗಂಟೆಯಲ್ಲಿ ಬರೆದುಕೊಟ್ಟರು. ಗಡುವು ಮೈಮೇಲೆ ಬಿದ್ದ ರಾತ್ರಿಗಳಲ್ಲಿ ನನಗೆ ನೆನಪಾಗುವುದು ಆ ಅರ್ಧ ಗಂಟೆ.

ಆದರೆ ನನ್ನ ಪಾಲಿಗೆ ಸಕಾಮೊಟೊ ದೊಡ್ಡವರಾದದ್ದು ಪ್ರಶಸ್ತಿಗಳಿಂದಲ್ಲ, ಒಂದು ಹಾಳಾದ ಪಿಯಾನೋದಿಂದ.

2011ರ ಮಾರ್ಚ್ 11. ನಮ್ಮ ಹತ್ತನೆಯ ತರಗತಿಯ ಪರೀಕ್ಷೆಗೆ ಕೆಲವೇ ವಾರಗಳಿದ್ದವು. ಜಪಾನಿನಲ್ಲಿ ಸಮುದ್ರ ಊರೊಳಗೆ ನುಗ್ಗಿದ್ದನ್ನು ಟಿವಿಯಲ್ಲಿ ನೋಡಿದೆವು. ಮಿಯಾಗಿ ಪ್ರಾಂತದ ನತೋರಿಯಲ್ಲಿದ್ದ ಕೃಷಿ ಪ್ರೌಢಶಾಲೆಯೊಂದರ ಪಿಯಾನೋ ಆ ನೀರಿನಲ್ಲಿ ಮುಳುಗಿತ್ತು. ಸಕಾಮೊಟೊ ಮುಂದೆ ಅಲ್ಲಿಗೆ ಹೋಗಿ ಅದರ ಮುಂದೆ ಕುಳಿತರು. ಕೆಲವು ಕೀಗಳು ಒತ್ತಿದಲ್ಲಿಯೇ ಅಂಟಿಕೊಂಡವು, ಕೆಲವು ಶ್ರುತಿ ಪೂರ್ತಿ ಬಿಟ್ಟಿದ್ದವು. ಮೊದಲು ಅವರಿಗೆ ಅನಿಸಿದ್ದು ಪಿಯಾನೋದ ಹೆಣವನ್ನು ನುಡಿಸಿದಂತೆ. ದಿನ ಕಳೆದಂತೆ ಆ ಸ್ವರವೇ ಹಿತವೆನಿಸತೊಡಗಿತು. ಪಿಯಾನೋ ಎಂದರೆ ಹಲಗೆಗಳನ್ನು ಪದರಪದರವಾಗಿ ಬಗ್ಗಿಸಿ ತಿಂಗಳುಗಟ್ಟಲೆ ಒತ್ತಿಟ್ಟು, ಉಕ್ಕಿನ ತಂತಿಗಳನ್ನು ಟನ್‌ಗಟ್ಟಲೆ ಬಲದಿಂದ ಎಳೆದು ಬಿಗಿದ ವಸ್ತು. ನಾವು ಶ್ರುತಿ ತಪ್ಪಿತು ಎನ್ನುವುದು, ಮರ ತನ್ನ ಮೊದಲಿನ ಸ್ಥಿತಿಗೆ ಮರಳಲು ಪಡುವ ಪ್ರಯಾಸ. ಸುನಾಮಿ ಒಂದೇ ಏಟಿಗೆ ಅದನ್ನು ಮರಳಿಸಿತು. ಇದು ಅವರ ವಿಚಾರ. ಆ ಪಿಯಾನೋದ ಸ್ವರಗಳನ್ನು 2017ರ ‘ಎಸಿಂಕ್’ ಆಲ್ಬಮ್ಮಿನಲ್ಲಿ ಬಳಸಿದರು. ಹವಾಯಿಯಲ್ಲಿ ಕೊಂಡ ಇನ್ನೊಂದು ಹಳೆಯ ಪಿಯಾನೋವನ್ನು ನ್ಯೂಯಾರ್ಕಿನ ತಮ್ಮ ಮನೆಯ ತೋಟದಲ್ಲಿ ಮಳೆಗೆ, ಬಿಸಿಲಿಗೆ ಬಿಟ್ಟು ಅದು ಮಾಗುವುದನ್ನು ನೋಡುತ್ತಿದ್ದರು.

ಬೀದರಿನವರಾದ ನಮಗೆ ಈ ವಿಚಾರ ದೂರದ್ದಲ್ಲ. ಬಿದರಿ ಹೂಜಿಯ ಮೇಲೆ ಬೆಳ್ಳಿಯನ್ನು ಎಷ್ಟು ಕುಸುರಿಯಿಂದ ಕೂರಿಸಿದರೂ, ಕೊನೆಗೆ ಅದನ್ನು ಕೋಟೆಯ ಮಣ್ಣಿಗೆ ಒಪ್ಪಿಸಲೇಬೇಕು. ಆ ಮಣ್ಣು, ನವಸಾಗರ, ಕುದಿಯುವ ನೀರು ಸೇರಿ ಸತುವನ್ನು ಕಪ್ಪು ಮಾಡುತ್ತವೆ. ಬೆಳ್ಳಿ ಮಾತ್ರ ಬೆಳ್ಳಗೆ ಎದ್ದು ನಿಲ್ಲುತ್ತದೆ. ಆ ಕಪ್ಪನ್ನು ಯಾವ ಉಳಿಯಿಂದಲೂ ತರಲಾಗುವುದಿಲ್ಲ.

ಸುನಾಮಿಯ ಬಳಿಕ ಅಲ್ಲಿನ ಶಾಲೆಗಳ ಒಡೆದ ವಾದ್ಯಗಳನ್ನು ರಿಪೇರಿ ಮಾಡಿಸಲು ಸಕಾಮೊಟೊ ನಿಧಿಯೊಂದನ್ನು ಆರಂಭಿಸಿದರು. ಒಂದರ ಹಾಳುಬಿದ್ದ ಸ್ವರವನ್ನು ಪ್ರೀತಿಸಿದವರೇ ಉಳಿದವುಗಳನ್ನು ಮಕ್ಕಳಿಗಾಗಿ ಸರಿಮಾಡಿಸಿದರು. ನನಗೆ ಎರಡೂ ಒಂದೇ ಪ್ರೀತಿಯಂತೆ ಕಾಣುತ್ತವೆ.

2014ರಲ್ಲಿ ಗಂಟಲಿನ ಕ್ಯಾನ್ಸರ್ ಬಂತು. ಚೇತರಿಸಿಕೊಳ್ಳುತ್ತಲೇ ‘ದಿ ರೆವೆನೆಂಟ್’ ಚಿತ್ರಕ್ಕೆ ಬೇರಿಬ್ಬರೊಂದಿಗೆ ಸಂಗೀತ ಕೊಟ್ಟರು. ಆಮೇಲೆ ಮತ್ತೊಂದು ಕ್ಯಾನ್ಸರ್ ಬಂತು. ಸಭಿಕರ ಮುಂದೆ ಇಡೀ ಕಛೇರಿ ನಡೆಸುವ ಶಕ್ತಿ ಉಳಿದಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಟೋಕಿಯೋದ ಸ್ಟುಡಿಯೋ ಒಂದರಲ್ಲಿ, ಕೆಲವು ದಿನಗಳ ಕಾಲ, ಒಂದೊಂದಾಗಿ 20 ಕೃತಿಗಳನ್ನು ನುಡಿಸಿದರು. ಮಗ ನಿಯೊ ಸೊರಾ ಅದನ್ನು ಕಪ್ಪುಬಿಳುಪಿನಲ್ಲಿ ಚಿತ್ರೀಕರಿಸಿದರು. ಆ ಚಿತ್ರ ನೋಡುವಾಗ ಅವರ ಬೆರಳುಗಳನ್ನು ಗಮನಿಸಿ. ಕೀಯಿಂದ ಮೇಲೆದ್ದ ಕೈ ಗಾಳಿಯಲ್ಲಿಯೇ ನಿಲ್ಲುತ್ತದೆ, ಸ್ವರ ಆರುವವರೆಗೆ ಕೆಳಗೆ ಬರುವುದಿಲ್ಲ. ಅದನ್ನು ಮೊದಲ ಸಲ ನೋಡಿದಾಗ ನಾನು ಎದ್ದು ಕುಳಿತೆ. ಪರಸಿಯ ಮೇಲೆ ಕುಳಿತ ಎಂಟನೆಯ ತರಗತಿಯ ನನ್ನ ಕೈ ನೆನಪಾಯಿತು.

2023ರ ಮಾರ್ಚ್ 28ರಂದು, 71ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸುದ್ದಿ ಹೊರಬಂದದ್ದು ಏಪ್ರಿಲ್ 2ರಂದು. ಹುಮನಾಬಾದಿನಲ್ಲಿ ಮಗಳ ಮನೆಯಲ್ಲಿರುವ ಸರ್‌ಗೆ ಅಂದೇ ಫೋನ್ ಮಾಡಿದೆ. ಅವರಿಗೆ ಆಗಲೇ ತಿಳಿದಿತ್ತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಕೇಳಿದರು: “ತಂಗಿ, ನಮ್ಮ ಪಿಯಾನೋ ಇನ್ನೂ ಇದೆಯೇ?”

ಕಳೆದ ದೀಪಾವಳಿ ರಜೆಯಲ್ಲಿ ಬಂದು ನೋಡಿದೆ. ಇದೆ. ಸಭಾಂಗಣದಿಂದ ವೇದಿಕೆಯ ಹಿಂದಿನ ಉಗ್ರಾಣಕ್ಕೆ ಹೋಗಿದೆ, ಮೇಲೆ ಆಟದ ಚಾಪೆಗಳನ್ನು ಪೇರಿಸಿದ್ದಾರೆ. ಕೆಳಗಿನ ಹಲಗೆಗೆ ಗೆದ್ದಲು ಹತ್ತಿದೆ, ಇನ್ನೂ ಒಳಗೆ ಹೋಗಿಲ್ಲ. ಜೊತೆಗೆ ಬಂದಿದ್ದ ಜವಾನರು ಟಾರ್ಚ್ ಹಿಡಿದರು, ನಾನು ಎಡದಿಂದ ಬಲಕ್ಕೆ ಒಂದೊಂದೇ ಮನೆ ಒತ್ತುತ್ತ ಎಣಿಸಿದೆ. 51 ಮನೆಗಳಲ್ಲಿ ಇನ್ನೂ ಸ್ವರವಿದೆ. ಸರ್ ಒತ್ತುತ್ತಿದ್ದ ಆ ಮಂದ್ರದ ಮನೆಯೂ ಅವುಗಳಲ್ಲಿ ಒಂದು.

ಸಂಪಾದಕ ಮಂಡಳಿಯವರು ಶಾಲೆಯ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಕೇಳಿದ್ದೀರಿ, ಬರೆದಿದ್ದೇನೆ. ನನ್ನದೂ ಒಂದು ಕೋರಿಕೆಯಿದೆ. ಆ ಪಿಯಾನೋವನ್ನು ಗುಜರಿಗೆ ಹಾಕಬೇಡಿ, ಬಣ್ಣ ಬಳಿಸಿ ಪ್ರದರ್ಶನಕ್ಕೂ ಇಡಬೇಡಿ. ಗೆದ್ದಲಿನ ಔಷಧ, ಬ್ರಷ್, ಹೊಸ ಫೆಲ್ಟ್ ಬಟ್ಟೆ ಎಲ್ಲವನ್ನೂ ನಾನೇ ಹೈದರಾಬಾದಿನಿಂದ ತರುತ್ತೇನೆ. ಜೂನ್‌ನಲ್ಲಿ ಶಾಲೆ ಆರಂಭವಾಗುವ ವಾರ ರಜೆ ಹಾಕಿದ್ದೇನೆ. ಸರ್ ಕೂಡ ಹುಮನಾಬಾದಿನಿಂದ ಬರುತ್ತೇನೆ ಎಂದಿದ್ದಾರೆ. ಉಗ್ರಾಣದ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ತಿಳಿಸಿ.