ಇವಾನನ ಮದುವೆ ಪತ್ರಿಕೆ

ಕೆಲಸದ ಮೇಲೆ ಪ್ಯಾರಿಸ್‌ಗೆ ಬಂದು ಏಳು ತಿಂಗಳಾಗಿತ್ತು. ಬೇಕರಿಯಲ್ಲಿ ಬ್ರೆಡ್ ಕೇಳುವಷ್ಟು ಫ್ರೆಂಚ್ ಬರುತ್ತಿತ್ತು, ಅಷ್ಟೇ. ಸಂಜೆ ಕ್ಲಾಸಿನ ಮೇಡಂ ಒಂದು ದಿನ ಎಲ್ಲರಿಗೂ ಎರಡೆರಡು ಹಾಳೆ ಜೆರಾಕ್ಸ್ ಕೊಟ್ಟು, "ಮುಂದಿನ ವಾರ ಇದನ್ನ ಜೋರಾಗಿ ಓದಬೇಕು" ಅಂದರು. ಯಾಸ್ಮಿನಾ ರೆಜಾ ಬರೆದ 'ಆರ್ಟ್' ನಾಟಕದ ತುಣುಕು. ಒಬ್ಬನೇ ಪಾತ್ರಧಾರಿ ಒಂದೇ ಸಮನೆ ಆಡುವ ಮಾತು.

ಕತೆ ಸಣ್ಣದು. ಮೂವರು ಹಳೇ ಗೆಳೆಯರು. ಸೆರ್ಜ್ ಎರಡು ಲಕ್ಷ ಫ್ರಾಂಕ್ ಸುರಿದು ಒಂದು ಪೇಂಟಿಂಗ್ ತರುತ್ತಾನೆ. ಬಿಳಿ ಕ್ಯಾನ್ವಾಸು, ಅದರ ಮೇಲೆ ಬಿಳಿ ಗೆರೆ. ಅದನ್ನು ನೋಡಿ ಮಾರ್ಕ್‌ಗೆ ಮೈಯೆಲ್ಲ ಉರಿ. ನಡುವೆ ಸಿಕ್ಕಿಕೊಂಡವನು ಇವಾನ್, ಪಾಪ. ಅವನಿಗೆ ಮದುವೆ ಬೇರೆ ಗೊತ್ತಾಗಿದೆ. ಒಂದು ಸಂಜೆ ತಡವಾಗಿ ಓಡಿ ಬಂದು, ಯಾಕೆ ತಡವಾಯಿತು ಅಂತ ಹೇಳಲು ಶುರುಮಾಡುತ್ತಾನೆ.

ಜಗಳ ಮದುವೆ ಪತ್ರಿಕೆಯದು! ಹುಡುಗಿ ಕ್ಯಾಥರೀನ್‌ಗೆ ಸಾಕಿದ ಮಲತಾಯಿಯ ಹೆಸರು ಹಾಕಲೇಬೇಕು. ಇವಾನ್‌ಗೆ ತನ್ನ ಮಲತಾಯಿಯ ಹೆಸರು ಬೇಡವೇ ಬೇಡ. ಅವಳ ಹೆಸರಿಲ್ಲದಿದ್ದರೆ ಅಪ್ಪ ತನ್ನ ಹೆಸರೂ ಬೇಡ ಅನ್ನುತ್ತಾನೆ. ಅವಳ ಹೆಸರಿದ್ದರೆ ಹೆತ್ತಮ್ಮ ಒಪ್ಪುವುದಿಲ್ಲ.

ರೂಮಲ್ಲಿ ಓದುವಾಗ ಒಬ್ಬನೇ ನಕ್ಕೆ. ನನ್ನ ಮದುವೆ ಪತ್ರಿಕೆಯಲ್ಲಿ ಚಿಕ್ಕಪ್ಪನ ಹೆಸರು ಮೇಲೆ, ದೊಡ್ಡಪ್ಪನ ಹೆಸರು ಕೆಳಗೆ ಬಂದಿತ್ತು. ಚಿಕ್ಕಪೇಟೆಯಿಂದ ತಂದ ಮುನ್ನೂರು ಪತ್ರಿಕೆ. ರಾತ್ರಿಯಿಡೀ ಅಮ್ಮ ಚೀಟಿ ಕತ್ತರಿಸಿದಳು, ನಾನು ಗೋಂದು ಹಚ್ಚಿ ಅಂಟಿಸಿದೆ. ಬೆಳಗ್ಗೆ ಬೆರಳಿಗೆ ಅರಿಶಿನ ಬೇರೆ, ಗೋಂದು ಬೇರೆ. ದೊಡ್ಡಪ್ಪ ಪತ್ರಿಕೆಯನ್ನು ಬೆಳಕಿಗೆ ಹಿಡಿದು ಚೀಟಿಯ ಕೆಳಗೆ ಏನಿದೆ ಅಂತ ಓದಿಯೇ ಬಿಟ್ಟರು.

ಕ್ಲಾಸಲ್ಲಿ ನನ್ನ ಸರದಿ ಬಂತು. ನಾಲ್ಕನೇ ಸಾಲಿಗೇ ಉಸಿರು ಕಟ್ಟಿತು. ಎಲ್ಲಿ ನಿಲ್ಲಬೇಕೋ ತಿಳಿಯಲಿಲ್ಲ. ಮೇಡಂ ಕೈಯಲ್ಲೇ 'ಹೋಗ್ತಾ ಇರು' ಅಂದರು. ಮುಗಿಸುವಷ್ಟರಲ್ಲಿ ನಿಜವಾಗಿ ಓಡಿ ಬಂದವನ ಹಾಗೆ ಏದುಸಿರು. ಎಲ್ಲರೂ ನಗುತ್ತಿದ್ದರು. ನನ್ನ ಉಚ್ಚಾರಣೆಗೂ ನಕ್ಕಿರಬಹುದು ಬಿಡಿ.

"ಬರೆದಾಕೆ ಮೊದಲು ನಟಿ, ಗೊತ್ತಾ?" ಅಂದರು ಮೇಡಂ. ನನಗೆ ಗೊತ್ತಿರಲಿಲ್ಲ. ರೆಜಾ ಹುಟ್ಟಿದ್ದು 1959ರಲ್ಲಿ, ಪ್ಯಾರಿಸ್‌ನಲ್ಲೇ. ಅಮ್ಮ ಹಂಗೇರಿಯವರು, ಪಿಟೀಲು ವಾದಕಿ. ಜಾಕ್ ಲಕಾಕ್ ಅವರ ಶಾಲೆಯಲ್ಲಿ ಅಭಿನಯ ಕಲಿತು, ಹಳೇ ಫ್ರೆಂಚ್ ನಾಟಕಕಾರ ಮೊಲಿಯೇರ್‌ನ ನಾಟಕಗಳಲ್ಲೆಲ್ಲ ಬಣ್ಣ ಹಚ್ಚಿದಾಕೆ. ತಾನೇ ಬರೆಯಲು ಕೂತು, 1987ರಲ್ಲಿ ಮೊದಲ ನಾಟಕಕ್ಕೇ ಅವನ ಹೆಸರಿನ ರಂಗಪ್ರಶಸ್ತಿ, ಮೊಲಿಯೇರ್, ಗಿಟ್ಟಿಸಿದರು. 'ಆರ್ಟ್' ರಂಗಕ್ಕೆ ಬಂದದ್ದು 1994ರಲ್ಲಿ. ಆಮೇಲೆ ಲಂಡನ್, ನ್ಯೂಯಾರ್ಕ್. 1998ರಲ್ಲಿ ಅಮೆರಿಕದ ರಂಗಪ್ರಶಸ್ತಿ ಟೋನಿ, 2009ರಲ್ಲಿ ಇನ್ನೊಂದು ನಾಟಕಕ್ಕೆ ಮತ್ತೆ ಟೋನಿ. ಕಾದಂಬರಿಗೂ 2016ರಲ್ಲಿ ಫ್ರಾನ್ಸಿನ ರೆನೊಡೋ ಸಾಹಿತ್ಯ ಪ್ರಶಸ್ತಿ ಬಂತು. ಆ 'ಬಾಬಿಲೋನ್' ಕಾದಂಬರಿಯನ್ನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಅರ್ಧ ಓದಿದ್ದೇನೆ. ನನಗೆ ನಾಟಕಗಳೇ ಜಾಸ್ತಿ ಇಷ್ಟ. ಇವಾನನ ಆ ಮಾತನ್ನು ಸುಮ್ನೆ ಕಣ್ಣಲ್ಲಿ ಓದಿದಾಗ ಬರೀ ಜಗಳವಾಗಿತ್ತು. ಬಾಯಿಬಿಟ್ಟು ಓದಿದಾಗ ಉಸಿರೂ ಪಾತ್ರದ್ದೇ ಆಯಿತು. ರಂಗದ ಮೇಲೆ ನಿಂತು ಗೊತ್ತಿದ್ದವರಿಗೆ ಮಾತ್ರ ಹಾಗೆ ಬರೆಯಲು ಸಾಧ್ಯ ಅನ್ನಿಸಿತು.

ಮುಂದಿನ ಶನಿವಾರ ಆಲ್ಮಾ ಮಾರ್ಸೋ ಮೆಟ್ರೋದಲ್ಲಿ ಇಳಿದು, 'ಆರ್ಟ್' ಮೊದಲು ಆಡಿದ ಥಿಯೇಟರ್ ಕಾಮೆಡಿ ದೆ ಶಾಂಜೆಲಿಜೆ ನೋಡಿ ಬಂದೆ. ಬಾಗಿಲಲ್ಲಿ ಬೇರೆ ಯಾವುದೋ ನಾಟಕದ ಪೋಸ್ಟರ್. ಅಲ್ಲೇ ಫುಟ್‌ಪಾತ್ ಮೇಲೆ ನಿಂತು ಅಮ್ಮನಿಗೆ ಫೋನ್ ಮಾಡಿ, ಇವಾನನ ಗೋಳನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅಮ್ಮ ಬಿದ್ದು ಬಿದ್ದು ನಕ್ಕಳು.

"ಕೊನೆಗೆ ಮದುವೆ ಆಯ್ತಾ?"

"ಆಯ್ತಮ್ಮ. ಮದುವೆ ಮರುದಿನ ಆ ಹುಡುಗಿ ಸ್ಮಶಾನಕ್ಕೆ ಹೋಗಿ, ಸತ್ತ ಅಮ್ಮನ ಸಮಾಧಿ ಮೇಲೆ ತನ್ನ ಮದುವೆ ಹೂಗುಚ್ಛ ಇಡ್ತಾಳೆ. ಜೊತೆಗೆ ಒಂದು ಸಣ್ಣ ಪೊಟ್ಟಣ, ಸಕ್ಕರೆ ಹಚ್ಚಿದ ಬಾದಾಮಿ."

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮ ದೊಡ್ಡಪ್ಪನಿಗೆ ಫೋನ್ ಮಾಡಿ ಎಷ್ಟು ದಿನ ಆಯ್ತೋ?" ಅಂದಳು.