ಒಕ್ಕಣ್ಣ ಕಡಲ್ಗಳ್ಳನ ಬಾವುಟ: ಹಿಂಬದಿಯ ಕಣ್ಣು ಕೊನೆಗೂ ಕೂತಿತು

ನಾನು ಹೊಲಿಯುತ್ತಿದ್ದ ಕಡಲ್ಗಳ್ಳನ ಬಾವುಟದಲ್ಲಿ ಕೆಂಪು ಕಣ್ಣು ಕೂತಿತು! ಎರಡೂ ಬದಿಗೂ ಕೂತಿತು. ಈಗ ಬಾವುಟವನ್ನು ಯಾವ ಕಡೆಯಿಂದ ನೋಡಿದರೂ ಬುರುಡೆಯ ಬಲಗಣ್ಣು ಕೆಂಪಗೆ ದಿಟ್ಟಿಸುತ್ತದೆ, ಎಡಗಣ್ಣಿಗೆ ಪ್ಯಾಚು, ಅಂದರೆ ಕಣ್ಣು ಮುಚ್ಚುವ ಕಪ್ಪು ಬಟ್ಟೆ. ಅಂಚು ಮಡಿಸಿದ್ದು, ಕೋಲಿನ ಕಡೆ ಕ್ಯಾನ್ವಾಸ್ ಕೂರಿಸಿದ್ದು, ಹಗ್ಗ ಪೋಣಿಸಲು ಐಲೆಟ್ (ಲೋಹದ ಬಳೆ) ಹೊಡೆದಿದ್ದು ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ನೇರವಾಗಿ ಕಣ್ಣಿಗೆ ಬರುತ್ತೇನೆ.

ಬರೀ ಬುರುಡೆ, ಅಡ್ಡ ಮೂಳೆ ಇದ್ದಿದ್ದರೆ ತೊಂದರೆಯೇ ಇರಲಿಲ್ಲ. ಕಪ್ಪು ಬಟ್ಟೆ ಮೇಲೆ ಬಿಳಿ ಬಟ್ಟೆ ಇಟ್ಟು ಜಿಗ್‌ಜಾಗ್ ಹೊಲಿ, ಹಿಂದಿನ ಕಪ್ಪು ಕತ್ತರಿಸು, ಮುಗೀತು. ಎಡಬಲ ಒಂದೇ ತರ ಇರುವ ಚಿತ್ರ ಹಿಂದಿನಿಂದಲೂ ಹಾಗೇ ಕಾಣುತ್ತದೆ. ಹಳೇ ಕಡಲ್ಗಳ್ಳರ ಚಿಹ್ನೆಗಳನ್ನು ಈ ಕಣ್ಣಿನಿಂದ ನೋಡಿ. 1700ರಲ್ಲಿ ಎಮ್ಯಾನುಯೆಲ್ ವಿನ್ ಎಂಬ ಕಡಲ್ಗಳ್ಳ ಹಾರಿಸಿದ ಬಾವುಟದಲ್ಲಿ ಬುರುಡೆ, ಅಡ್ಡ ಮೂಳೆ, ಮರಳು ಗಡಿಯಾರ ಇದ್ದವು. ‘ನಿಮ್ಮ ಟೈಮ್ ಮುಗೀತಾ ಬಂತು, ಶರಣಾಗಿ’ ಅಂತ ಅರ್ಥ. ಮೂರೂ ತಿರುಗಿಸಿದರೂ ಬದಲಾಗದ ಚಿತ್ರಗಳು. ಬಾವುಟಕ್ಕೆ ಹೇಳಿ ಮಾಡಿಸಿದಂಥವು.

ಆದರೆ ನನಗೆ ಒಕ್ಕಣ್ಣನೇ ಬೇಕಿತ್ತು. ಅದಕ್ಕೆ ಕಾರಣ ಆಪಲ್ ಕಂಪನಿಯಲ್ಲಿ ಮ್ಯಾಕಿಂತೋಷ್ ಕಂಪ್ಯೂಟರ್ ಮಾಡುತ್ತಿದ್ದ ತಂಡದ 1983ರ ಬಾವುಟ. ತಂಡದ ಸ್ಟೀವ್ ಕ್ಯಾಪ್ಸ್ ಕಪ್ಪು ಬಟ್ಟೆ ತಂದು ಹೊಲಿದರು, ಚಿತ್ರ ವಿನ್ಯಾಸಕಿ ಸೂಸನ್ ಕೇರ್ ಅದರ ಮೇಲೆ ಬುರುಡೆ ಬರೆದರು. ಕಣ್ಣಿನ ಪ್ಯಾಚಿನ ಜಾಗದಲ್ಲಿ ಕಾಮನಬಿಲ್ಲಿನ ಬಣ್ಣದ ಆಪಲ್ ಲೋಗೋ! ಒಂದು ಕಂಪನಿಯೊಳಗಿನ ಚಿಕ್ಕ ತಂಡ ‘ನಾವು ಬೇರೆ’ ಅಂತ ಸಾರಲು ಅಷ್ಟು ಸಾಕಾಯಿತು. ಅದೊಂದು ಪ್ಯಾಚು ಇಲ್ಲದಿದ್ದರೆ ಅದು ಎಲ್ಲೆಲ್ಲೂ ಸಿಗುವ ಬುರುಡೆ ಬಾವುಟವಾಗುತ್ತಿತ್ತು, ಅಲ್ವಾ?

ಪ್ಯಾಚು ಬಂತು ಅಂದರೆ ಎಡಬಲದ ತಕರಾರೂ ಬಂತು. ಒಂದೇ ಪದರದಲ್ಲಿ ಹೊಲಿದರೆ ಮುಂದಿನಿಂದ ಎಡಗಣ್ಣು ಕುರುಡು, ಹಿಂದಿನಿಂದ ಬಲಗಣ್ಣು ಕುರುಡು. ಗಾಳಿಗೆ ಬಾವುಟ ತಿರುಗಿದಾಗಲೆಲ್ಲ ಕಳ್ಳ ಕಣ್ಣು ಬದಲಾಯಿಸುತ್ತಾನೆ. ದೇಶಗಳಿಗೂ ಈ ಕಾಟ ತಪ್ಪಿಲ್ಲ. ಸೌದಿ ಅರೇಬಿಯಾದ ಧ್ವಜದ ಬರಹ ಎರಡೂ ಕಡೆಯಿಂದ ನೇರವಾಗಿಯೇ ಓದುವಂತಿರಬೇಕು. ಪರಾಗ್ವೆಯ ಧ್ವಜದಲ್ಲಿ ಮುಂದೊಂದು ಲಾಂಛನ, ಹಿಂದೆ ಸಿಂಹವಿರುವ ಇನ್ನೊಂದು ಮುದ್ರೆ. ಅಮೆರಿಕದ ಆರೆಗನ್ ರಾಜ್ಯದ ಧ್ವಜದ ಹಿಂಬದಿಯಲ್ಲಿ ಬರೀ ಒಂದು ಬೀವರ್ ಇದೆ. ಹಿಂಬದಿಗೆಂದೇ ಪ್ರಾಣಿ ಇಟ್ಟುಕೊಂಡ ಆ ಬಾವುಟ ನನಗೆ ತುಂಬ ಇಷ್ಟ.

ಇಂಥವಕ್ಕೆ ಸಾಮಾನ್ಯ ದಾರಿ ಎರಡು ಬಾವುಟ ಹೊಲಿದು ಬೆನ್ನಿಗೆ ಬೆನ್ನು ಸೇರಿಸುವುದು. ಹಿಂದೆ ಬಿಸಿಲಿದ್ದರೆ ಆ ಕಡೆಯ ಚಿತ್ರ ಈ ಕಡೆ ಇಣುಕುತ್ತದೆ, ಅದಕ್ಕೆ ನಡುವೆ ಇನ್ನೊಂದು ಪದರ. ಆಮೇಲೆ ಬಾವುಟ ಹಾರುವುದಿಲ್ಲ, ನೇತಾಡುತ್ತದೆ. ಹಾರದ ಬಾವುಟ ನನಗೆ ಬೇಡ.

ಪರಿಹಾರ ಸಿಕ್ಕಿದ್ದು ಚಿತ್ರವನ್ನು ಹಿಂಬದಿಯಿಂದ ಬರೆಯಲು ಶುರುಮಾಡಿದಾಗ. ಒಂದು ಬದಿಯ ಪ್ಯಾಚಿನ ಬೆನ್ನಿಗೆ ಇನ್ನೊಂದು ಬದಿಯ ಕಣ್ಣಿನ ಗುಳಿ ಬರುತ್ತದೆ. ಎರಡೂ ಕಪ್ಪೇ! ಹಾಗಾದರೆ ಪ್ಯಾಚಿಗೂ ಗುಳಿಗೂ ಒಂದೇ ಆಕಾರ, ಒಂದೇ ಅಳತೆ ಕೊಟ್ಟರೆ ಆಯಿತು. ಓರೆಯಾಗಿ ಹೋಗುವ ಪ್ಯಾಚಿನ ಪಟ್ಟಿಯನ್ನು ಹಣೆಯ ಮೇಲೆ ನೇರ ಅಡ್ಡಕ್ಕೆ ತಂದೆ. ಈಗ ಇಡೀ ಮುಖ ಎಡಬಲ ಒಂದೇ. ಕಣ್ಣು, ಪಟ್ಟಿ ಇರುವ ಕಡೆ ಬಿಳಿಯನ್ನು ಕತ್ತರಿಸಿ ಮೂಲ ಕಪ್ಪನ್ನೇ ಬಿಟ್ಟೆ. ಬೇರೆಯಾಗಬೇಕಾದದ್ದು ಒಂದೇ, ಕೆಂಪು ಬೊಟ್ಟು. ಮುಂಬದಿಯಲ್ಲಿ ಕೋಲಿನ ಕಡೆಯ ಗುಳಿಗೆ ಒಂದು, ಹಿಂಬದಿಯಲ್ಲಿ ಆಚೆ ಗುಳಿಗೆ ಒಂದು.

ಇಲ್ಲಿಂದ ಶುರುವಾಯಿತು ನೋಡಿ ನಿಜವಾದ ಗೋಳು. ಕೆಂಪು ಬೊಟ್ಟನ್ನು ಕೆಂಪು ದಾರದಲ್ಲಿ ಹೊಲಿಯಬೇಕು. ಅದರ ಬೆನ್ನಿಗಿರುವ ಪ್ಯಾಚಿನ ಮೇಲೆ ಕೆಂಪು ಕಾಣಬಾರದು. ಮೇಲಿನ ದಾರ ಕೆಂಪು, ಮಷೀನಿನ ಕೆಳಗಿನ ಉರುಳೆಯಲ್ಲಿ (ಬಾಬಿನ್) ಕಪ್ಪು, ಅಷ್ಟೇ ಅಂದುಕೊಳ್ಳುತ್ತೀರಿ. ಎರಡು ದಾರ ಸೇರುವ ಗಂಟು ಬಟ್ಟೆಯ ದಪ್ಪದ ನಡುವೆ ಅಡಗಬೇಕು. ಬಾವುಟದ ನೈಲಾನ್‌ಗೆ ದಪ್ಪವೇ ಇಲ್ಲ. ಪ್ರತಿ ಸೂಜಿ ಚುಚ್ಚಿನಲ್ಲೂ ಕೆಂಪು ಚುಕ್ಕೆ ಕೆಳಗಿಳಿಯಿತು. ಪ್ಯಾಚಿಗೆ ದಡಾರ ಎದ್ದ ಹಾಗೆ! ಮೇಲಿನ ದಾರದ ಎಳೆತ (ಟೆನ್ಷನ್) ಬಿಗಿ ಮಾಡಿದರೆ ಕಪ್ಪು ಮೇಲೆ ಬರುತ್ತದೆ, ಬಟ್ಟೆಯೂ ಸುಕ್ಕು. ಸಡಿಲ ಮಾಡಿದರೆ ಕೆಂಪು ಇನ್ನೂ ಜಾಸ್ತಿ ಇಳಿಯುತ್ತದೆ. ಸಣ್ಣ ಸೂಜಿ, ತೆಳು ದಾರ, ಕೆಳಗೆ ಹರಿದು ತೆಗೆಯುವ ಕಾಗದ, ಎಲ್ಲ ನೋಡಿದೆ. ಕಾಗದದಿಂದ ಸುಕ್ಕು ಹೋಯಿತು, ಚುಕ್ಕೆ ಹೋಗಲಿಲ್ಲ.

ಈ ನಡುವೆ ಬಟ್ಟೆ ಕಳಿಸುವವರದ್ದು ಬೇರೆ ಕಥೆ. ಒಂದೇ ತುಂಡು ಕಪ್ಪು ನೈಲಾನ್ ಕೇಳಿದರೆ ಎರಡು ತುಂಡು ಬಂತು. ಒಂದು ಅಪ್ಪಟ ಕಪ್ಪು, ಇನ್ನೊಂದು ಬಿಸಿಲಿಗೆ ಹಿಡಿದರೆ ನೀಲಿ. ಅದನ್ನೂ ಹಾಸುಹೊಕ್ಕು ನೋಡದೆ ಓರೆಯಾಗಿ ಕತ್ತರಿಸಿದ್ದರು. ಓರೆ ಕತ್ತರಿಸಿದ ಬಟ್ಟೆ ಗಾಳಿಗೆ ಎಳೆದುಕೊಂಡು ಸೊಟ್ಟ ಆಗುತ್ತದೆ, ಬಾವುಟಕ್ಕೆ ಆಗುವುದೇ ಇಲ್ಲ. ಕೇಳಿದರೆ ‘ಕಪ್ಪು ಅಂದ್ರೆ ಕಪ್ಪೇ ಅಲ್ವಾ?’ ಅಂದರು. ಅಲ್ಲ! ಬಾವುಟದಲ್ಲಿ ಬಣ್ಣವೇ ಮಾತು. ಕಡಲ್ಗಳ್ಳರ ಕಾಲದಲ್ಲಿ ಕಪ್ಪು ಬಾವುಟ ಕಂಡರೆ ಶರಣಾಗಿ ಬದುಕಬಹುದಿತ್ತು. ಕೆಂಪು ಏರಿತು ಅಂದರೆ ಯಾರಿಗೂ ಜೀವದಾನ ಇಲ್ಲ.

ಆ ನೀಲಿಗಪ್ಪು ತುಂಡೇ ಕೊನೆಗೆ ಕೈಹಿಡಿಯಿತು. ಚುಕ್ಕೆಗೆ ಅಡಗಲು ದಪ್ಪ ಬೇಕು ತಾನೆ? ಅದರಿಂದ ಪ್ಯಾಚಿನ ಅಳತೆಗೆ ಎರಡು ಪದರ ಕತ್ತರಿಸಿದೆ. ಅಂಚನ್ನು ಸೋಲ್ಡರಿಂಗ್ ಕಡ್ಡಿಯಲ್ಲಿ ಸುಟ್ಟು ಕಟ್ಟಿದೆ. ಹಿಂದಿನಿಂದ ಗುಳಿಯ ಮೇಲಿಟ್ಟು ಕಪ್ಪು ದಾರದಲ್ಲಿ ಹೊಲಿದೆ. ಆಮೇಲೆ ಮುಂದಿನಿಂದ ಕೆಂಪು ಬೊಟ್ಟು. ಗಂಟು ಆ ಪದರಗಳ ಒಳಗೇ ನಿಂತಿತು. ತಿರುಗಿಸಿ ನೋಡಿದರೆ ಒಂದೂ ಕೆಂಪು ಚುಕ್ಕೆ ಇಲ್ಲ! ಜೊತೆಗೆ ಪ್ಯಾಚು ಸ್ವಲ್ಪ ಉಬ್ಬಿದೆ. ಬಿಸಿಲಿಗೆ ನೀಲಿ ಮಿನುಗುವುದರಿಂದ ಇದು ಖಾಲಿ ಗುಳಿ ಅಲ್ಲ, ಮೇಲೆ ಕಟ್ಟಿದ ಪ್ಯಾಚು ಅಂತ ಗೊತ್ತಾಗುತ್ತದೆ. ದಪ್ಪ ಇರುವುದು ಕಣ್ಣುಗಳಲ್ಲಿ ಮಾತ್ರ. ಉಳಿದದ್ದೆಲ್ಲ ಒಂದೇ ಪದರ. ಸಣ್ಣ ಗಾಳಿಗೂ ಹಾರುತ್ತದೆ.

ಮುಂದಿನದು ನೇಪಾಳದ ಧ್ವಜ. ಆಯತ ಅಥವಾ ಚೌಕ ಅಲ್ಲದ ಏಕೈಕ ರಾಷ್ಟ್ರಧ್ವಜ. ಈಗಿನ ರೂಪ ಬಂದದ್ದು 1962ರ ಡಿಸೆಂಬರ್‌ನಲ್ಲಿ. ಅದಕ್ಕೆ ಮುಂಚೆ ಸೂರ್ಯ ಚಂದ್ರರಿಗೆ ಕಣ್ಣು ಮೂಗು ಇತ್ತು! ಈ ಧ್ವಜವನ್ನು ಹೇಗೆ ಬರೆಯಬೇಕು ಅಂತ ಆ ದೇಶದ ಸಂವಿಧಾನವೇ ಗೆರೆ ಗೆರೆಯಾಗಿ ಹೇಳುತ್ತದೆ. ಕಂಪಾಸು, ಸ್ಕೇಲು ಹಿಡಿದು ಕೂತರೆ ಆ ಹಂತಗಳನ್ನು ಓದುವುದೇ ಒಂದು ಖುಷಿ. ಸೂರ್ಯ ಚಂದ್ರ ಎರಡೂ ಎಡಬಲ ಒಂದೇ, ಹಿಂಬದಿಯ ಕಾಟ ಇಲ್ಲ. ಕಷ್ಟ ಇರುವುದು ಎರಡು ತ್ರಿಕೋನ ಸೇರುವ ಒಳಮೂಲೆಯಲ್ಲಿ. ಅಲ್ಲಿ ನೀಲಿ ಅಂಚು ಒಳಕ್ಕೆ ತಿರುಗಬೇಕು, ಗಾಳಿ ಎಳೆಯುವುದೂ ಅಲ್ಲೇ. ಮೂಲೆಗೆ ಕತ್ತರಿ ಹಾಕುವ ಮೊದಲು ಹಿಂದೆ ಸಣ್ಣ ತುಂಡು ಕೊಟ್ಟು ಹೊಲಿಯಬೇಕು ಅಂತ ಯೋಚನೆ. ಇಂಥ ಒಳಮೂಲೆ ಹೊಲಿದವರಿದ್ದರೆ, ಅಂಚನ್ನು ಒಂದೇ ಪಟ್ಟಿಯಲ್ಲಿ ತಿರುಗಿಸಿದಿರಾ ಅಥವಾ ಎರಡು ಪಟ್ಟಿ ಸೇರಿಸಿದಿರಾ, ದಯವಿಟ್ಟು ಹೇಳಿ.